ಸಾರ್ವಜನಿಕ ಚಾರ್ಜರ್ ಬಳಸುವಾಗ ವಿದ್ಯುತ್ ಕಾರಿನ ಬ್ಯಾಟರಿ ಕಾಪಾಡುವುದು ಹೇಗೆ?

ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಎರಡು ಬಗೆಯವರು ಕಾಣಸಿಗುತ್ತಾರೆ. ಫಾಸ್ಟ್ ಚಾರ್ಜರ್ ಮುಟ್ಟಿದರೆ ಬ್ಯಾಟರಿ ಹಾಳಾಗುತ್ತದೆಂದು ಹೆದರಿ, ಊರು ಮುಟ್ಟುವಷ್ಟೂ ತುಂಬಿಸಿಕೊಳ್ಳದೆ ಹೊರಡುವವರು ಒಂದು ಕಡೆ. ಹೇಗೂ ಬಂದಿದ್ದೇವೆ, ಪೂರ್ತಿ ತುಂಬಿಸಿಕೊಂಡೇ ಹೋಗೋಣ ಎಂದು ಶೇ 100 ಆಗುವವರೆಗೆ ಕದಲದವರು ಇನ್ನೊಂದು ಕಡೆ. ಮೊದಲಿನವರ ಭಯಕ್ಕೆ ಆಧಾರ ಕಡಿಮೆ, ಎರಡನೆಯವರ ನಿಶ್ಚಿಂತೆಗೆ ಇನ್ನೂ ಕಡಿಮೆ. ಫಾಸ್ಟ್ ಚಾರ್ಜರ್ ತಾನಾಗಿಯೇ ಬ್ಯಾಟರಿಯ ಶತ್ರುವಲ್ಲ. ಯಾವ ಸ್ಥಿತಿಯಲ್ಲಿ ಪ್ಲಗ್ ಹಾಕುತ್ತೀರಿ, ಯಾವಾಗ ತೆಗೆಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

1. ಎಸಿಯೋ ಡಿಸಿಯೋ ನೋಡಿ

ಎಸಿ, ಅಂದರೆ ಮನೆಗೆ ಬರುವ ಬಗೆಯ ವಿದ್ಯುತ್ತಿನ ಚಾರ್ಜರ್ ಆಗಿದ್ದರೆ ಚಿಂತೆ ಬೇಡ. ಅಲ್ಲಿ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿಗೆ (ಏಕಮುಖ ವಿದ್ಯುತ್ತಿಗೆ) ಬದಲಾಯಿಸುವ ಕೆಲಸ ಕಾರಿನೊಳಗಿನ ಚಾರ್ಜರಿನದು, ಬಹುಪಾಲು ಕಾರುಗಳಲ್ಲಿ ಅದು 11 ಕಿಲೊವ್ಯಾಟ್ ದಾಟುವುದಿಲ್ಲ. ಬ್ಯಾಟರಿಯ ಮಟ್ಟಿಗೆ ಇದಕ್ಕೂ ಮನೆಯ ಚಾರ್ಜಿಂಗಿಗೂ ವ್ಯತ್ಯಾಸವಿಲ್ಲ. ಮುಂದೆ ಹೇಳುವುದೆಲ್ಲ ಡಿಸಿ ಫಾಸ್ಟ್ ಚಾರ್ಜಿಂಗಿಗೆ, ಅಂದರೆ ಕಾರಿನ ಚಾರ್ಜರನ್ನು ದಾಟಿ ವಿದ್ಯುತ್ ನೇರ ಬ್ಯಾಟರಿಗೆ ಹರಿಯುವ ಕಡೆಗೆ.

2. ನಿಮ್ಮ ಬ್ಯಾಟರಿ ಯಾವ ಬಗೆಯದೆಂದು ತಿಳಿದುಕೊಳ್ಳಿ

ಎಲ್‌ಎಫ್‌ಪಿಯೋ ಎನ್‌ಎಂಸಿಯೋ? (ಮೊದಲನೆಯದು ಲಿಥಿಯಂ ಕಬ್ಬಿಣದ ಫಾಸ್ಫೇಟಿನದು, ಎರಡನೆಯದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸಿದ್ದು.) ತಂಪಾಗಿಸುವುದು ದ್ರವವೋ ಬರೀ ಗಾಳಿಯೋ? ಎರಡೂ ಕಾರಿನ ಕೈಪಿಡಿಯಲ್ಲಿರುತ್ತವೆ, ಇಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಒಂದರ ಸಲಹೆ ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಈ ಹೆಜ್ಜೆ ಬಿಡಬೇಡಿ.

3. ಪ್ಲಗ್ ಹಾಕುವ ಮುಂಚೆ ಬ್ಯಾಟರಿಯ ತಾಪಮಾನ ಸರಿಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಕಾರಣ ತಿಳಿದರೆ ನೆನಪಿಟ್ಟುಕೊಳ್ಳುವುದು ಸುಲಭ.

ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಬ್ಯಾಟರಿಯ ಋಣ ತುದಿಯಲ್ಲಿರುವ ಗ್ರಾಫೈಟ್ ಪದರಗಳ ಒಳಗೆ ಸೇರಿಕೊಳ್ಳಬೇಕು. ಬ್ಯಾಟರಿ ತಣ್ಣಗಿದ್ದರೆ ಈ ಕೆಲಸ ನಿಧಾನ. ಆಗ ಜೋರಾಗಿ ವಿದ್ಯುತ್ ನುಗ್ಗಿಸಿದರೆ ಒಳಹೋಗಲಾಗದ ಲಿಥಿಯಂ ಗ್ರಾಫೈಟಿನ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತದೆ. ಹೀಗೆ ಕೂತದ್ದರಲ್ಲಿ ಒಂದು ಭಾಗ ಮತ್ತೆಂದೂ ಬಳಕೆಗೆ ಬರುವುದಿಲ್ಲ. ಬ್ಯಾಟರಿ ತೀರಾ ಬಿಸಿಯಾಗಿದ್ದರೆ ನಷ್ಟ ಬೇರೆ ಬಗೆಯದು. ಗ್ರಾಫೈಟಿನ ಮೇಲೆ ಸಹಜವಾಗಿಯೇ ಇರುವ ತೆಳು ಪೊರೆ ಬಿಸಿಗೆ ಬೇಗ ದಪ್ಪವಾಗುತ್ತಾ, ತನ್ನೊಳಗೆ ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಟರಿಯನ್ನು ನಿಯಂತ್ರಿಸುವ ಬಿಎಂಎಸ್ ಎರಡೂ ಸಂದರ್ಭದಲ್ಲಿ ವೇಗ ತಗ್ಗಿಸಿ ಕಾಪಾಡಲು ನೋಡುತ್ತದೆ. ಚಾರ್ಜರಿನ ಫಲಕದಲ್ಲಿ 150 ಕಿಲೊವ್ಯಾಟ್ ಎಂದು ಬರೆದಿದ್ದರೂ ಎಷ್ಟು ತೆಗೆದುಕೊಳ್ಳಬೇಕೆಂದು ತೀರ್ಮಾನಿಸುವುದು ಕಾರೇ. ಹಾಗೆಂದು ಎಲ್ಲವನ್ನೂ ಅದರ ಮೇಲೆ ಹೊರಿಸಬೇಡಿ.

ಚಳಿಯಲ್ಲಿ ಹೀಗೆ ಮಾಡಿ: ಪ್ರಯಾಣದ ನಡುವೆ ರಾತ್ರಿ ತಂಗುವುದಾದರೆ, ಸಂಜೆ ತಲುಪಿದ ತಕ್ಷಣ ಚಾರ್ಜ್ ಮಾಡಿಕೊಳ್ಳಿ. ಓಡಿ ಬಂದ ಬ್ಯಾಟರಿ ಬೆಚ್ಚಗಿರುತ್ತದೆ. ಇಡೀ ರಾತ್ರಿ ಬಯಲಲ್ಲಿ ನಿಂತ ಕಾರನ್ನು ಬೆಳಿಗ್ಗೆ ಎದ್ದವರೇ ನೇರ ಫಾಸ್ಟ್ ಚಾರ್ಜರಿಗೆ ಒಯ್ಯುವುದು ಅತ್ಯಂತ ಕೆಟ್ಟ ಅಭ್ಯಾಸ. ಚಾರ್ಜಿಂಗಿಗೆ ಮುಂಚೆ ಬ್ಯಾಟರಿ ಬೆಚ್ಚಗಾಗಿಸುವ ಸೌಲಭ್ಯ ನಿಮ್ಮ ಕಾರಿನಲ್ಲಿದ್ದರೆ, ಸ್ಟೇಷನ್ನನ್ನು ಕಾರಿನದೇ ನ್ಯಾವಿಗೇಷನ್ನಿನಲ್ಲಿ ಗುರಿಯಾಗಿ ಹಾಕಿ. ಫೋನಿನ ಮ್ಯಾಪ್ ನೋಡಿಕೊಂಡು ಹೋದರೆ, ನೀವು ಚಾರ್ಜರಿಗೆ ಹೊರಟಿದ್ದೀರೆಂದು ಕಾರಿಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ.

ಸೆಕೆಯಲ್ಲಿ, ಅದರಲ್ಲೂ ಗಾಳಿಯಿಂದ ಮಾತ್ರ ತಂಪಾಗುವ ಬ್ಯಾಟರಿ ಇದ್ದರೆ, ಸ್ಟೇಷನ್ ಹತ್ತಿರ ಬರುತ್ತಿದ್ದಂತೆ ವೇಗ ಇಳಿಸಿ. ಹದಿನೈದು ನಿಮಿಷ ನಿಲ್ಲಿಸಿಕೊಂಡರೆ ತಣ್ಣಗಾಗುತ್ತದೆ ಎನ್ನುವವರಿದ್ದಾರೆ, ನಂಬಬೇಡಿ. ನೂರಾರು ಕೆ.ಜಿ. ತೂಕದ ಬ್ಯಾಟರಿ ಅಷ್ಟು ಬೇಗ ಬಿಸಿ ಬಿಡುವುದಿಲ್ಲ. ನಿಂತು ಕಾಯುವುದಕ್ಕಿಂತ ಕಡಿಮೆ ಕಿಲೊವ್ಯಾಟಿನ ಚಾರ್ಜರ್ ಆಯ್ದುಕೊಂಡು, ಮುಂದಿನ ನಿಲುಗಡೆಗೆ ಬೇಕಾದಷ್ಟೇ ತುಂಬಿಸಿ ಹೊರಡುವುದು ಮೇಲು. ದ್ರವದಿಂದ ತಂಪಾಗುವ ಕಾರಾದರೆ ನೆರಳಿನಲ್ಲಿ ನಿಲ್ಲಿಸಿದರೆ ಸಾಕು.

ಬಿಸಿಯ ಪೆಟ್ಟು ಎಂಥದೆಂದು ತಿಳಿಯಲು ಒಂದು ಪರೀಕ್ಷೆ ನೆನೆಯಬೇಕು. ಅಮೆರಿಕದ ಐಡಹೊ ನ್ಯಾಷನಲ್ ಲ್ಯಾಬೊರೇಟರಿ, 2012ರ ಮಾದರಿಯ ನಾಲ್ಕು ನಿಸಾನ್ ಲೀಫ್ ಕಾರುಗಳನ್ನು ಸುಡುಬಿಸಿಲಿನ ಫೀನಿಕ್ಸ್‌ನಲ್ಲಿ ಓಡಿಸಿತು. ಎರಡಕ್ಕೆ ಎಸಿ ಚಾರ್ಜಿಂಗ್, ಎರಡಕ್ಕೆ ಡಿಸಿ ಫಾಸ್ಟ್ ಚಾರ್ಜಿಂಗ್. ಆ ಮಾದರಿಯ ಲೀಫ್ ಬ್ಯಾಟರಿಗೆ ದ್ರವದ ತಂಪು ಇರಲಿಲ್ಲ. ಸುಮಾರು 80,000 ಕಿ.ಮೀ. ಆಗುವ ಹೊತ್ತಿಗೆ ನಾಲ್ಕೂ ಕಾರುಗಳ ಬ್ಯಾಟರಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸಾಮರ್ಥ್ಯ ಕಳೆದುಕೊಂಡಿತ್ತು. ಡಿಸಿ ಗುಂಪಿನ ನಷ್ಟ ಹೆಚ್ಚೇ ಇತ್ತು, ಆದರೆ ಅಂತರ ಶೇಕಡಾ ಕೆಲವೇ ಅಂಶ. ಎಸಿಯಲ್ಲೇ ಬೆಳೆದ ಕಾರುಗಳನ್ನೂ ಬಿಸಿಲು ಬಿಡಲಿಲ್ಲ.

4. ಶೇ 80ಕ್ಕೆ ಪ್ಲಗ್ ತೆಗೆಯಿರಿ

ಶೇ 10–20ರಲ್ಲಿ ಬಂದು ಶೇ 80ಕ್ಕೆ ಹೊರಡುವುದು ಡಿಸಿ ಚಾರ್ಜಿಂಗಿನ ಸರಿಯಾದ ಕ್ರಮ. ಬ್ಯಾಟರಿ ಖಾಲಿ ಇದ್ದಾಗ ಹೆಚ್ಚಿನ ವೇಗ ತಡೆದುಕೊಳ್ಳುತ್ತದೆ. ತುಂಬುತ್ತಾ ಬಂದಂತೆ ವೋಲ್ಟೇಜ್ ಮೇಲಿನ ಮಿತಿಗೆ ಹತ್ತಿರವಾಗುವುದರಿಂದ ಕಾರು ವೇಗ ಇಳಿಸುತ್ತಾ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಶೇ 10ರಿಂದ 80ಕ್ಕೆ ಹಿಡಿದಷ್ಟೇ ಸಮಯ ಉಳಿದ ಶೇ 20ಕ್ಕೂ ಹಿಡಿಯುತ್ತದೆ. ಅಷ್ಟು ಹೊತ್ತು ಬ್ಯಾಟರಿ ಬಿಸಿಯಾಗಿಯೂ ಇರುತ್ತದೆ, ಹೆಚ್ಚು ವೋಲ್ಟೇಜಿನಲ್ಲೂ ಇರುತ್ತದೆ. ಬಾಳಿಕೆ ಕಡಿಮೆ ಮಾಡುವುದು ಈ ಜೋಡಿಯೇ. ದೂರದ ಹಾದಿಯಲ್ಲಿ ಒಂದು ಸಲ ಶೇ 100 ತುಂಬಿಸುವುದಕ್ಕಿಂತ ಎರಡು ಸಲ ನಿಂತು ಶೇ 70–80 ತುಂಬಿಸಿದರೆ ಸಮಯವೂ ಉಳಿಯುತ್ತದೆ. ಮುಂದೆ ಚಾರ್ಜರ್ ಇಲ್ಲದ ಹಾದಿಯಾದರೆ ಮಾತ್ರ ಹೆಚ್ಚು ತುಂಬಿಸಿ, ಕೂಡಲೇ ಹೊರಡಿ.

ಎಲ್‌ಎಫ್‌ಪಿ ಬ್ಯಾಟರಿ ಇರುವವರು ಇಲ್ಲಿ ತಕರಾರು ತೆಗೆಯುತ್ತಾರೆ: ವಾರಕ್ಕೊಮ್ಮೆ ಶೇ 100 ತುಂಬಿಸಿ ಎಂದು ಕಂಪನಿಯೇ ಹೇಳಿದೆಯಲ್ಲ? ನಿಜ, ಹಲವು ಕಂಪನಿಗಳು ಹಾಗೆ ಹೇಳುತ್ತವೆ. ಎಲ್‌ಎಫ್‌ಪಿಯ ವೋಲ್ಟೇಜ್ ನಡುವಿನ ಹಂತದಲ್ಲಿ ಬಹುತೇಕ ಬದಲಾಗುವುದಿಲ್ಲ. ಹಾಗಾಗಿ ಎಷ್ಟು ಉಳಿದಿದೆ ಎಂದು ಬಿಎಂಎಸ್ ಕರಾರುವಾಕ್ಕಾಗಿ ಲೆಕ್ಕ ಹಾಕಲು ಆಗಾಗ ಪೂರ್ತಿ ತುಂಬಬೇಕು. ಆ ಕೆಲಸಕ್ಕೆ ಎಸಿ ಚಾರ್ಜರ್ ಬಳಸಿ. ಡಿಸಿಯಲ್ಲಿ ಎಲ್‌ಎಫ್‌ಪಿಗೂ ಶೇ 80 ಸಾಕು. ಚಳಿಗೆ ಎಲ್‌ಎಫ್‌ಪಿ ಇನ್ನೂ ನಾಜೂಕು, ಮೂರನೇ ಹೆಜ್ಜೆಯನ್ನು ಅವರು ಎರಡು ಸಲ ಓದಿಕೊಳ್ಳಲಿ.

ಅಡಾಪ್ಟರ್ ಬಗ್ಗೆ ಒಂದು ಮಾತು. ಡಿಸಿಯಲ್ಲಿ ನೂರಾರು ವೋಲ್ಟ್, ನೂರಾರು ಆಂಪಿಯರ್ ಹರಿಯುತ್ತದೆ. ಕಾರು ತಯಾರಕರು ಒಪ್ಪದ ಅಗ್ಗದ ಅಡಾಪ್ಟರ್ ಸಿಕ್ಕಿಸಬೇಡಿ. ಬ್ಯಾಟರಿ ಆಯುಷ್ಯ ಹೆಚ್ಚಿಸುತ್ತೇವೆಂದು ಮಾರುವ, ದೋಷ ಪತ್ತೆಗೆಂದು ಕಾರಿನಲ್ಲಿರುವ ಒಬಿಡಿ ಪೋರ್ಟಿಗೆ ಚುಚ್ಚುವ ಡಬ್ಬಿಗಳಿಗೂ ಹಣ ಸುರಿಯಬೇಡಿ. ಸೆಲ್ಲಿನೊಳಗೆ ನಡೆಯುವ ರಾಸಾಯನಿಕ ಕ್ರಿಯೆಯನ್ನು ಅವು ಬದಲಿಸಲಾರವು.

5. ತುಂಬಿದ ಮೇಲೆ ನಿಲ್ಲಿಸಿಡಬೇಡಿ

ಶೇ 100ರಲ್ಲಿ ಬಿಸಿಲಿಗೆ ದಿನಗಟ್ಟಲೆ ನಿಂತ ಕಾರು, ಓಡದೆಯೂ ಸವೆಯುತ್ತದೆ. ವಾರಗಟ್ಟಲೆ ಬಳಸದಿದ್ದರೆ ಶೇ 50ರ ಆಸುಪಾಸಿನಲ್ಲಿ ಬಿಡಿ.

6. ಆರು ತಿಂಗಳಿಗೊಮ್ಮೆ ಅಳೆದು ನೋಡಿ

ಡ್ಯಾಶ್‌ಬೋರ್ಡಿನ ಕಿಲೋಮೀಟರ್ ಅಂದಾಜು ಬ್ಯಾಟರಿಯ ಆರೋಗ್ಯ ಹೇಳುವುದಿಲ್ಲ. ನೀವು ಇತ್ತೀಚೆಗೆ ಓಡಿಸಿದ ರೀತಿ, ಹವೆ, ಏರ್ ಕಂಡೀಷನರ್ ಬಳಕೆಗೆ ತಕ್ಕಂತೆ ಅದು ಏರಿಳಿಯುತ್ತದೆ. ಶೇ 20ರಿಂದ 80ರವರೆಗೆ ಡಿಸಿ ಚಾರ್ಜ್ ಮಾಡಿದಾಗ ಎಷ್ಟು ಯೂನಿಟ್ ಹೋಯಿತೆಂದು ಬರೆದುಕೊಳ್ಳಿ, ಅದನ್ನು 0.6ರಿಂದ ಭಾಗಿಸಿ. 30 ಯೂನಿಟ್ ಹೋಗಿದ್ದರೆ ಬಳಸಬಹುದಾದ ಸಾಮರ್ಥ್ಯ ಸುಮಾರು 50 ಯೂನಿಟ್. ಬ್ಯಾಟರಿ ತಂಪಾಗಿಸಲು ಒಂದಿಷ್ಟು ಖರ್ಚಾಗುವುದರಿಂದ ಇದು ಸ್ಥೂಲ ಲೆಕ್ಕ. ಪ್ರತಿ ಸಲ ಅಂಥದ್ದೇ ಹವೆಯಲ್ಲಿ ಅಳೆದರೆ ಹೋಲಿಸಲು ಬರುತ್ತದೆ.

ಮೊದಲ ವರ್ಷ ಇಳಿಕೆ ತುಸು ಹೆಚ್ಚಿದ್ದು, ಆಮೇಲೆ ನಿಧಾನವಾಗುವುದು ಸಾಮಾನ್ಯ, ಗಾಬರಿಯಾಗಬೇಡಿ. ಬಹಳಷ್ಟು ಕಂಪನಿಗಳ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಅನ್ವಯ. ನಿಮ್ಮ ಕಾರಿನ ಷರತ್ತನ್ನು ಈಗಲೇ ಓದಿಟ್ಟುಕೊಳ್ಳಿ. ಅಳತೆ ಇದ್ದಕ್ಕಿದ್ದಂತೆ ಕುಸಿದರೆ ಯಾವುದೋ ಸೆಲ್ ಕೈಕೊಟ್ಟಿರಬಹುದು. ಬರೆದಿಟ್ಟ ಹಳೆಯ ಅಂಕಿಗಳನ್ನು ಹಿಡಿದುಕೊಂಡು, ವಾರಂಟಿ ಮುಗಿಯುವ ಮುನ್ನ ಸರ್ವಿಸ್ ಸೆಂಟರಿಗೆ ಹೋಗಿ.