ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಮೀಟರ್ ಹಿಡಿಯಿರಿ

ಎರಡು ದಿನ ನಿಲ್ಲಿಸಿದ ಕಾರು ಬೆಳಿಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ. ಬರೀ ಟಕ್ ಟಕ್ ಸದ್ದು. ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿ’ ಅಂತಾರೆ ಗ್ಯಾರೇಜಿನವರು. ಕರೆಂಟ್ ಬೇರೆಲ್ಲೋ ಸೋರುತ್ತಿದ್ದರೆ ಹೊಸದೂ ಹಾಗೇ ಮಲಗುತ್ತದೆ. ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ನೋಡಬಹುದು.

ಮೊದಲು ವೋಲ್ಟೇಜ್. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಬಂದರೆ ಚಾರ್ಜ್ ಪೂರ್ತಿ ಇದೆ. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 12ರಲ್ಲೇ ನಿಂತರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಅದನ್ನು ತಿರುಗಿಸುವ ಬೆಲ್ಟ್ ತೋರಿಸಿ.

ಇನ್ನು ಸೋರಿಕೆ. ಎಲ್ಲಾ ಆಫ್ ಮಾಡಿ, ಕೀ ದೂರ ಇಡಿ. ಫ್ಯೂಸ್ ಬಾಕ್ಸ್ ಡ್ಯಾಶ್‌ಬೋರ್ಡ್ ಕೆಳಗಿದ್ದರೆ ಬಾಗಿಲು ತೆರೆದೇ ಇರಲಿ. ಅದರ ಲಾಕನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಕೂರಿಸಿದರೆ ಎಷ್ಟೋ ಕಾರುಗಳು ಬಾಗಿಲು ಮುಚ್ಚಿದೆ ಅಂದುಕೊಳ್ಳುತ್ತವೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಜೋಡಿಸಿ. ಈಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಯ್ತು ಅಂತಲೇ ಲೆಕ್ಕ. ಅರ್ಧ ಗಂಟೆ ಸುಮ್ನೆ ಬಿಡಿ, ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು.

50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಇದ್ದರೆ? ದಿನಕ್ಕೆ 7 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಖಾಲಿ. 35 ಆಂಪಿಯರ್ ಅವರ್ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ದಡಕ್ಕನೆ ಇಳಿಯಿತೋ ಆ ಲೈನಿನಲ್ಲೇ ಕಳ್ಳ. ನನ್ನ ಅನುಮಾನ ಮೊದಲು ಹೋಗುವುದು ಹೊರಗಡೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್, ಜಿಪಿಎಸ್ ಮೇಲೆ. ಡಿಕ್ಕಿಯ ದೀಪವೂ ಕಮ್ಮಿಯಲ್ಲ. ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿ, ದೀಪ ಆರುತ್ತೋ ಇಲ್ಲವೋ ಗೊತ್ತಾಗುತ್ತದೆ.

ಸೋರಿಕೆಯೂ ಇಲ್ಲ, ಚಾರ್ಜಿಂಗೂ ಸರಿಯಿದೆ, ಆದರೂ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಇಳಿದಿದೆ ಅಂದರೆ ಹೊಸದು ತನ್ನಿ. ಹಳೆಯದರ ಮೇಲಿನ ಕೋಡ್ ಫೋಟೊ ತೆಗೆದುಕೊಳ್ಳಿ. ‘38ಬಿ20ಎಲ್’ನಲ್ಲಿ 38 ಅನ್ನುವುದು ಆಂಪಿಯರ್ ಅವರ್ ಅಲ್ಲ, 20 ಮಾತ್ರ ಸೆಂಟಿಮೀಟರಿನಲ್ಲಿ ಉದ್ದ. ಕೊನೆಯ ಅಕ್ಷರ ಟರ್ಮಿನಲ್ ಯಾವ ಕಡೆ ಅಂತ ಹೇಳುತ್ತದೆ. ಅದು ತಪ್ಪಿದರೆ ಕೇಬಲ್ ಎಟುಕದೇ ಹೋಗಬಹುದು. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಕಾರಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು, ಅಗ್ಗದ್ದು ಬೇಡ.

ವಾರಂಟಿ 48 ತಿಂಗಳು ಅಂದರೆ ಅಷ್ಟಕ್ಕೂ ಫ್ರೀ ಅಂತಲ್ಲ. ಎಷ್ಟು ತಿಂಗಳು ಪುಕ್ಕಟೆ ಬದಲಿ, ಉಳಿದದ್ದಕ್ಕೆ ಎಷ್ಟು ರಿಯಾಯಿತಿ ಅಂತ ಬಿಡಿಸಿ ಕೇಳಿ. ತಯಾರಾದ ತಿಂಗಳು ಹಳೆಯದಾಗಿದ್ದರೆ ಬೇರೆ ಪೀಸ್ ಕೊಡಿ ಅನ್ನಿ. ಹಳೇ ಬ್ಯಾಟರಿ ಗುಜರಿಗೆ ಹಾಕಬೇಡಿ, ಅಂಗಡಿಯಲ್ಲೇ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಮೊದಲು ಪಾಸಿಟಿವ್.