ಹೆಪ್ಪು ಕೇಳುವ ನೆಪ

ಏಳೆಂಟು ವರ್ಷದ ಹಿಂದೆ ಶಿವಮೊಗ್ಗದಲ್ಲಿ ನಮ್ಮಂಥ ಕಾರ್ಯಕರ್ತೆಯರ ಸಭೆಯೊಂದಿತ್ತು. ಹೊಡೆತ ತಿನ್ನುವ ಹೆಂಗಸರನ್ನು ಮುಟ್ಟಬೇಕಾದರೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂರಬೇಕು ಎಂದೆ. "ನೀವು ಅಡಿಕೆ ಸುಲಿದರೆ ಅವನು ಹೊಡೆಯೋದು ಬಿಡ್ತಾನಾ ಮೇಡಂ?" ಎಂದು ಹಿರಿಯರೊಬ್ಬರು ಕೇಳಿದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಹೊಸನಗರ, ತೀರ್ಥಹಳ್ಳಿ ಕಡೆಯ 4 ಊರುಗಳಲ್ಲಿ ಸುಮಾರು 15 ಮನೆ ನಮ್ಮ ಕಣ್ಣಳತೆಯಲ್ಲಿವೆ. ಅದರಲ್ಲಿ 10 ಮನೆಗಳಲ್ಲಿ ವರ್ಷದಿಂದ ಯಾರೂ ಕೈ ಎತ್ತಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ.

ಅದಕ್ಕೆ ಮೊದಲು ದುಡ್ಡು ಸುರಿದದ್ದು ಬೀದಿ ನಾಟಕಕ್ಕೆ. ಶಾಮಿಯಾನ, ಮೈಕು, ಬ್ಯಾನರ್, ಚಹಾ, ಅವಲಕ್ಕಿ ಎಲ್ಲ ಸೇರಿ 22,000 ರೂಪಾಯಿ ಹತ್ತಿರ ಹೋಯಿತು. ಬಂದವರಲ್ಲಿ ಗಂಡಸರು, ಮಕ್ಕಳೇ ಜಾಸ್ತಿ. ಆಮೇಲೆ ಒಬ್ಬ ಹೆಂಗಸೂ ನಮ್ಮ ಹತ್ತಿರ ಸುಳಿಯಲಿಲ್ಲ. ರಾಜಿ ಪಂಚಾಯಿತಿಯೂ ಮಾಡಿಸಿದೆವು. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಸಹಿ, ತಪ್ಪೊಪ್ಪಿಗೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಕಥೆ, ಮೇಲೆ "ಊರ ಮುಂದೆ ಮಾನ ಕಳೆದೆ" ಎಂಬ ಹೊಸ ಸಿಟ್ಟು.

ಎಲ್ಲಕ್ಕಿಂತ ದೊಡ್ಡ ತಪ್ಪು ಚೀಟಿಯದ್ದು. ಸಹಾಯವಾಣಿ ನಂಬರ್ ಅಚ್ಚು ಹಾಕಿಸಿ ಒಬ್ಬಳ ಕೈಗೆ ಕೊಟ್ಟಿದ್ದೆ. ಅಕ್ಕಿ ಡಬ್ಬಿಯಡಿ ಇಟ್ಟಿದ್ದು ಗಂಡನ ಕಣ್ಣಿಗೆ ಬಿತ್ತು. ಅವಳ ಕೈ ಮುರಿಯಿತು. ಆಸ್ಪತ್ರೆಯಲ್ಲಿ ಅವಳು ಹೇಳಿದ್ದಿಷ್ಟೇ: "ಅಕ್ಕಾ, ನೀವು ಮೀಟಿಂಗ್ ಮುಗಿಸಿ ಹೋಗ್ತೀರಿ. ರಾತ್ರಿ ಆ ಮನೇಲಿ ಇರೋಳು ನಾನು." ಅವತ್ತಿನಿಂದ ಯಾರ ಮನೆಗೂ ಕಾಗದ ಕೊಟ್ಟಿಲ್ಲ. ಹೆಂಗಸರ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098. ಬಾಯಿಪಾಠ ಮಾಡಿಸುತ್ತೇನೆ.

ಆ ವರ್ಷ ಅಡಿಕೆ ಕೊಯ್ಲು ಶುರುವಾದಾಗ ಚಪ್ಪರದಲ್ಲಿ ಸುಲಿಯುವ ಮೆಟ್ಟುಗತ್ತಿ ಹಿಡಿದು ಕೂತೆ. ಸಂಜೆಯಿಂದ ರಾತ್ರಿ ಹತ್ತರವರೆಗೆ. ನನಗೆ ಎರಡು ಡಬ್ಬ ಸುಲಿಯುವುದೇ ಕಷ್ಟ, ಪಕ್ಕದವರು ಐದಾರು ಸುಲಿಯುತ್ತಿದ್ದರು. ಮೊದಲ ಸೀಸನ್ ಪೂರ್ತಿ ಹೊಡೆತದ ಸುದ್ದಿ ಎತ್ತಲೇ ಇಲ್ಲ. ಎರಡನೆಯ ವರ್ಷ ಅವರೇ ಎತ್ತಿದರು. ಕೈ ಕೆಲಸ ಮಾಡುತ್ತಿರುತ್ತದೆ, ಕಣ್ಣು ಅಡಿಕೆ ಮೇಲಿರುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಮಾತು ಹೊರಗೆ ಬರುವುದು ಹಾಗೆ.

ಹೆಪ್ಪಿನ ಉಪಾಯ ಹುಟ್ಟಿದ್ದೂ ಅಲ್ಲೇ. ನಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ. ಮಳೆಗಾಲದಲ್ಲಿ ಕೂಗಿದರೂ ಕೇಳಲ್ಲ, ನೆಟ್‌ವರ್ಕ್ ಇರಲ್ಲ. ಹಾಗಾಗಿ 3 ಮನೆಗೆ ಒಂದು ಗುಂಪು ಮಾಡಿದೆವು. ಗಲಾಟೆ ಶುರುವಾಗುವ ಸೂಚನೆ ಸಿಕ್ಕ ಕೂಡಲೇ ಇಬ್ಬರು ಬಟ್ಟಲು ಹಿಡಿದು ಆ ಮನೆಗೆ ಹೋಗಬೇಕು. "ಹೆಪ್ಪು ಮುಗಿದಿದೆ, ಒಂಚೂರು ಕೊಡ್ತೀಯಾ?" ಎಂದು ಕೇಳಿ, ಜಗುಲಿಯಲ್ಲಿ ಕೂತು, ಅರ್ಧ ಗಂಟೆ ಏಳಬಾರದು. ಜಗಳದ ಮಾತು ಎತ್ತಲೇಬಾರದು. ಇಬ್ಬರಲ್ಲಿ ಒಬ್ಬರು ಅವನು ದೊಡ್ಡಮ್ಮ ಅಂತಲೋ ಅತ್ತೆ ಅಂತಲೋ ಕರೆಯುವ ಹಿರಿಯರಾಗಿರಬೇಕು. ಒಂಟಿಯಾಗಿ ಹೋಗುವಂತಿಲ್ಲ. ಅವನ ಕೈಯಲ್ಲಿ ಕತ್ತಿ ಇದ್ದರೆ ಬಾಗಿಲಿಗೂ ಹೋಗಬಾರದು, ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿ 112ಕ್ಕೆ ಫೋನ್. ಸೂಚನೆ ಹೇಗೆ ಕೊಡುತ್ತೇವೆ ಎಂಬುದನ್ನು ಬರೆಯುವುದಿಲ್ಲ. ಇದನ್ನು ಗಂಡಸರೂ ಓದುತ್ತಾರೆ. ಊರಿಗೆ ಬಂದರೆ ಹೇಳಿಕೊಡುತ್ತೇನೆ.

ಮಧ್ಯೆ ಹಾಲಿನ ಕ್ಯಾಲೆಂಡರ್ ಪ್ರಯೋಗ ಮಾಡಿದೆವು. ಹಾಲಿನ ಲೆಕ್ಕದ ಪಕ್ಕ ಹೊಡೆತದ ದಿನಕ್ಕೊಂದು ಚುಕ್ಕಿ. ಆರು ತಿಂಗಳಾದ ಮೇಲೆ ನೋಡಿದರೆ ಚುಕ್ಕಿಗಳೆಲ್ಲ ಬಟವಾಡೆ ದಿನ, ಸಂತೆ ದಿನಕ್ಕೆ ಅಂಟಿಕೊಂಡಿದ್ದವು. ಆ ಸಂಜೆಗಳಲ್ಲಿ ಗುಂಪು ಮೊದಲೇ ಎಚ್ಚರವಾಗಿರಲು ಶುರುಮಾಡಿತು. ಒಬ್ಬಳು ಕೊನೆಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ಹಾಕಿದಳು. ಸಂರಕ್ಷಣಾಧಿಕಾರಿ ಘಟನಾ ವರದಿ ಬರೆಯುವಾಗ ಅವಳು ತಾರೀಖು ತಾರೀಖಾಗಿ ಹೇಳಿದಳು. ವಕೀಲರ ಫೀಸು ಬೀಳಲಿಲ್ಲ, ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ಅದು ಉಚಿತ. 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ನಮಗೆ ಹಿಡಿದದ್ದು 11 ತಿಂಗಳು. ಆದರೂ ಅದೇ ಮನೆಯಲ್ಲಿ ಇರುವ ಹಕ್ಕು ಸಿಕ್ಕಿತು, ಅವಳಿಗೆ ಬೇಕಿದ್ದದ್ದೂ ಅದೇ. ಬಿಟ್ಟು ಬಾ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳಿ ಇಬ್ಬರನ್ನು ಕಳೆದುಕೊಂಡಿದ್ದೇನೆ. ಮಾತು ಬಿಟ್ಟರು, ಪೆಟ್ಟು ತಿನ್ನುತ್ತಲೇ ಇದ್ದಾರೆ. ಕ್ಯಾಲೆಂಡರ್ ಗುಟ್ಟು ಈಗ ಹಳತಾಗಿದೆ, ಲೆಕ್ಕ ಬೇರೆ ಕಡೆ ಇಡುತ್ತಾರೆ. ಅದಕ್ಕೇ ಬರೆದೆ.

ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರರ ಜೊತೆ ಮಾತಾಡುವ ಪ್ರಯತ್ನವೂ ಆಯಿತು. ಇಬ್ಬರು ಕುಡಿತ ಬಿಟ್ಟರು, ಉಳಿದವರು ಬರುವುದನ್ನು ಬಿಟ್ಟರು.

ಖರ್ಚು ಈಗ ವರ್ಷಕ್ಕೆ 30,000 ರೂಪಾಯಿ ಒಳಗೆ. ಜಾಸ್ತಿ ಹೋಗುವುದು ರಾತ್ರಿ ಆಟೋಗೆ, ಒಂದು ಸಲಕ್ಕೆ 600-700. 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಬಂದಾಗ ಬಸ್ ಖರ್ಚು ಉಳಿಯಿತು ಅಂದುಕೊಂಡೆವು. ನಮ್ಮ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಟಿಕೆಟ್ ತಪ್ಪಲಿಲ್ಲ. ಸುಲಿಯಲು ಬರುವವರು ವಾರಕ್ಕೆ 10 ರೂಪಾಯಿ ಹಾಕುತ್ತಾರೆ. ಅದಕ್ಕೆ ಅವರೇ ಇಟ್ಟ ಹೆಸರು ಹೆಪ್ಪಿನ ದುಡ್ಡು.

ಎರಡು ಊರಿಗೆ ಸುಲಿಯುವ ಮಷಿನ್ ಬಂದಿದೆ. ಚಪ್ಪರದಲ್ಲಿ ಜನ ಇಲ್ಲ. ಒಣಗಿದ ಅಡಿಕೆ ಆರಿಸುವ ಕೆಲಸ ಇನ್ನೂ ಕೈಯದ್ದೇ, ಈಗ ಅಲ್ಲಿ ಕೂರುತ್ತೇನೆ. ಮೊನ್ನೆ ಆ ಕೈ ಮುರಿದವಳು ಫೋನ್ ಮಾಡಿದ್ದಳು. ತವರೂರಿನಲ್ಲೂ 3 ಮನೆ ಸೇರಿಸಿದ್ದಾಳಂತೆ, ದೊಡ್ಡಮ್ಮ ಯಾರಾಗಬೇಕೆಂದು ಕೇಳಿದಳು. ಗುರುವಾರ ಹೋಗುತ್ತಿದ್ದೇನೆ.