ಪನೀರ್ ಘಟಕದ ಕೊಳಚೆ ನೀರು: ಮೋಟಾರಿಲ್ಲದೆ ಶುದ್ಧಿ

ದಿನಕ್ಕೆ 500 ಲೀಟರ್ ಹಾಲು ಒಡೆಸುವ ಪನೀರ್ ಘಟಕದಿಂದ ಹೊರಬೀಳುವುದು ಎರಡು ಬಗೆಯ ನೀರು: ಸುಮಾರು 400 ಲೀಟರ್ ಹಾಲೊಡಕು, ಅಂದರೆ ವೇ, ಜೊತೆಗೆ ಪಾತ್ರೆ, ನೆಲ ತೊಳೆದ ಸಾವಿರ ಲೀಟರಿನಷ್ಟು ನೀರು. ಇವೆರಡೂ ಒಂದೇ ಚರಂಡಿ ಸೇರಿದರೆ ಕಡಿಮೆ ಖರ್ಚಿನ ಯಾವ ವ್ಯವಸ್ಥೆಯೂ ತಾಳುವುದಿಲ್ಲ. ವೇಯ ಬಿಒಡಿ (ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಷ್ಟು ನುಂಗುತ್ತದೆಂಬ ಅಳತೆ) ಲೀಟರಿಗೆ 30ರಿಂದ 50 ಗ್ರಾಂ. ಮನೆ ಕೊಳಚೆಯದು ಸಾಮಾನ್ಯವಾಗಿ 0.2ರಿಂದ 0.3 ಗ್ರಾಂ. ಹೊರೆಯ ಲೆಕ್ಕದಲ್ಲಿ 400 ಲೀಟರ್ ವೇ ಸುಮಾರು 300 ಜನರ ಕೊಳಚೆಗೆ ಸಮ. ವೇ ಬೇರೆ ಮಾಡಿದರೆ ತೊಳೆದ ನೀರಿನಲ್ಲಿ ಉಳಿಯುವುದು ದಿನಕ್ಕೆ ಒಂದೂವರೆ ಕೆಜಿಯಷ್ಟು ಬಿಒಡಿ.

ಹಾಗಾಗಿ ಮೊದಲ ಖರ್ಚು ಟ್ಯಾಂಕಿಗಲ್ಲ, ವೇ ಹಿಡಿಯುವ ಕ್ಯಾನಿಗೆ. ಪನೀರ್ ಒತ್ತುವ ಪ್ರೆಸ್ಸಿನ ಕೆಳಗೆ ತಟ್ಟೆಯಿಟ್ಟು, ಬಟ್ಟೆಯಿಂದ ಸೋರುವುದನ್ನೂ ಹಿಡಿಯಿರಿ. ಪಾತ್ರೆಯ ತಳದಲ್ಲಿ ಬಿಟ್ಟ ಒಂದೇ ಲೀಟರ್ ವೇ ಒಬ್ಬರ ಇಡೀ ದಿನದ ಕೊಳಚೆಗೆ ಹತ್ತಿರ. ಹಿಡಿದದ್ದರಲ್ಲಿ ಸ್ವಲ್ಪವನ್ನು ರಾತ್ರಿ ಹುಳಿಯಲು ಬಿಟ್ಟರೆ ಮರುದಿನ ಹಾಲು ಒಡೆಸಲು ಆಗುತ್ತದೆ. ದನಗಳಿಗೆ ಕೊಡುವುದಾದರೆ ಅದೇ ದಿನ ಕೊಡಿ. ತಲಾ 2-3 ಲೀಟರಿನಿಂದ ಶುರುಮಾಡಿ, ಎರಡು ವಾರದಲ್ಲಿ ನಿಧಾನವಾಗಿ ಏರಿಸಿ. ಒಮ್ಮೆಲೇ ಕುಡಿಸಿದರೆ ಹೊಟ್ಟೆ ಹುಳಿಯಾಗಿ ದನ ಮೇವು ಬಿಡುತ್ತದೆ. ಗೋಬರ್ ಗ್ಯಾಸ್ ಇದ್ದರೆ ಇನ್ನೂ ಒಳ್ಳೆಯದು: 100 ಲೀಟರ್ ವೇಯಿಂದ ಸುಮಾರು ಎರಡೂವರೆ ಘನ ಮೀಟರ್ ಅನಿಲ, ಅಂದರೆ ಹೆಚ್ಚುಕಡಿಮೆ ಒಂದು ಕೆಜಿ ಎಲ್‌ಪಿಜಿ. ಆದರೆ ಬರೀ ವೇ ಹಾಕಿದರೆ ಗುಂಡಿ ಹುಳಿಯಾಗಿ ಅನಿಲ ನಿಲ್ಲುತ್ತದೆ. ಸೆಗಣಿ ಬಗ್ಗಡದ ಹತ್ತನೇ ಒಂದು ಪಾಲಿನಿಂದ ಆರಂಭಿಸಿ ಕಾಲು ಪಾಲಿಗೆ ನಿಲ್ಲಿಸಿ.

ಈಗ ತೊಳೆದ ನೀರು. ಜಾಗಕ್ಕೆ ಇಳಿಜಾರಿದ್ದರೆ ಕರೆಂಟೇ ಬೇಡ.

ಮೊದಲು ಜಿಡ್ಡಿನ ತೊಟ್ಟಿ. 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಸಾಕು. ಒಳಬರುವ, ಹೊರಹೋಗುವ ಎರಡೂ ಕಡೆ 110 ಎಂಎಂ ಪಿವಿಸಿ ಟಿ (T ಆಕಾರದ ಕೊಳವೆ ಜೋಡಣೆ) ಹಾಕಿ. ಹೊರಹೋಗುವ ಕೊಳವೆಯ ಬಾಯಿ ತಳದಿಂದ ಒಂದಡಿ ಮೇಲಿರಲಿ. ಕುದಿನೀರನ್ನು ನೇರವಾಗಿ ಬಿಟ್ಟರೆ ಜಿಡ್ಡು ಕರಗಿ ಮುಂದಕ್ಕೆ ಹೋಗುತ್ತದೆ, ಆರಿಸಿ ಬಿಡಿ. ತೇಲುವ ಬಿಳಿ ಕೆನೆಯನ್ನು ವಾರಕ್ಕೆರಡು ಸಲ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಈ ಕೆಲಸ ತಪ್ಪಿದರೆ ವ್ಯವಸ್ಥೆ ಕೆಡುತ್ತದೆ.

ಆಮೇಲೆ ಸಾಲಾಗಿ ನಾಲ್ಕು ಸಿಮೆಂಟ್ ರಿಂಗಿನ ಗುಂಡಿಗಳು: ಮೂರಡಿ ಅಗಲ, ನಾಲ್ಕಡಿ ನೀರು. ಒಟ್ಟು ಸುಮಾರು 3200 ಲೀಟರ್ ಹಿಡಿಯುವುದರಿಂದ ನೀರು ಮೂರು ದಿನ ನಿಲ್ಲುತ್ತದೆ. ಪ್ರತಿ ಗುಂಡಿಗೂ ನೀರು ತಳದಿಂದ ಹೊಕ್ಕು ಮೇಲಿಂದ ದಾಟಬೇಕು. ತಳಕ್ಕೂ ಕೀಲುಗಳಿಗೂ ಗಾರೆ ಹಾಕಿ ಸೋರದಂತೆ ಮಾಡಿ, ಮುಚ್ಚಳದಲ್ಲಿ ಗಾಳಿ ಕೊಳವೆ ಬಿಡಿ. ಚೆನ್ನಾಗಿ ನಡೆಯುತ್ತಿರುವ ಗೋಬರ್ ಗ್ಯಾಸಿನ 500 ಲೀಟರ್ ಬಗ್ಗಡವನ್ನು ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಹೆಪ್ಪಾಗಿ ಹಾಕಿ, ಕಾಲು ಭಾಗ ನೀರಿನಿಂದ ಶುರುಮಾಡಿ. ಪೂರ್ಣ ಹೊರೆಗೆ ಆರರಿಂದ ಎಂಟು ವಾರ ಬೇಕು. ಪಿಎಚ್ ಪಟ್ಟಿ (ನೀರಿನ ಹುಳಿ-ಕ್ಷಾರ ಅಳೆಯುವ ಕಾಗದ) 6.5ಕ್ಕಿಂತ ಕೆಳಗೆ ತೋರಿಸಿದರೆ ನೀರು ಬಿಡುವುದನ್ನು ನಿಲ್ಲಿಸಿ, ಅಡುಗೆ ಸೋಡಾ ಕರಗಿಸಿ ಹಾಕಿ. ಕಾಸ್ಟಿಕ್, ಆಸಿಡ್ ತೊಳೆತಗಳನ್ನು ಒಂದು ಡ್ರಮ್ಮಿನಲ್ಲಿ ಕೂಡಿಸಿ, ಪಿಎಚ್ 7ರ ಆಸುಪಾಸಿಗೆ ತಂದು ಸ್ವಲ್ಪಸ್ವಲ್ಪವೇ ಬಿಡಿ. ಕ್ಲೋರಿನ್ ನೀರನ್ನು ಮಾತ್ರ ಆ ಡ್ರಮ್ಮಿಗೆ ಸೇರಿಸಬೇಡಿ, ಆಸಿಡ್ ತಾಗಿದರೆ ವಿಷಾನಿಲ ಏಳುತ್ತದೆ. ಗುಂಡಿಯೊಳಗೆ ಯಾರೂ ಇಳಿಯಕೂಡದು. ಅಲ್ಲಿನ ಗಾಳಿ ನಿಮಿಷಗಳಲ್ಲಿ ಕೊಲ್ಲುತ್ತದೆ.

ಕೊನೆಗೆ 4 ಮೀಟರ್ ಅಗಲ, 10 ಮೀಟರ್ ಉದ್ದ, 60 ಸೆಂಟಿಮೀಟರ್ ಆಳದ ಜಲ್ಲಿ ಪಾತಿ. ತಳಕ್ಕೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ, ಎರಡೂ ತುದಿಗೆ 40 ಎಂಎಂ ಜಲ್ಲಿ, ನಡುವೆ ತೊಳೆದ 12 ಎಂಎಂ. ಮರಳು, ಜಲ್ಲಿ ಪುಡಿ ಬೇಡ, ಕಟ್ಟಿಕೊಳ್ಳುತ್ತದೆ. ಕಾಬಾಳೆಯನ್ನೋ ಆಪು ಹುಲ್ಲನ್ನೋ ಒಂದೂವರೆ ಅಡಿ ಅಂತರದಲ್ಲಿ ನೆಡಿ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಎರಡು ಇಂಚು ಕೆಳಗಿರಲಿ, ಸೊಳ್ಳೆಯಾಗದು. ಮೊದಲ ತುದಿಯಲ್ಲಿ ನೀರು ಮೇಲೆ ನಿಂತರೆ ಜಿಡ್ಡು ದಾಟಿದೆ ಎಂದರ್ಥ. ಆ ಒಂದು ಮೀಟರ್ ಜಲ್ಲಿ ತೆಗೆದು ತೊಳೆದು ಹಾಕಿ.

ಹೊರಬಂದ ನೀರನ್ನು ಹೊಲಕ್ಕೆ ಬಿಡಲು ಬಿಒಡಿ ಲೀಟರಿಗೆ 100 ಮಿಲಿಗ್ರಾಂ ಒಳಗಿರಬೇಕು. ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ಷರತ್ತನ್ನೂ ನೋಡಿಕೊಳ್ಳಿ. ನೇಪಿಯರ್ ಹುಲ್ಲಿಗೆ, ತೆಂಗಿಗೆ ಹರಿಸಬಹುದು. ಚೀಸ್ ಅದ್ದಿದ ಉಪ್ಪುನೀರನ್ನು ಮಾತ್ರ ಈ ಸಾಲಿಗೆ ಬಿಡಲೇಬೇಡಿ. ಉಪ್ಪನ್ನು ಇಲ್ಲಿನ ಯಾವ ಹಂತವೂ ತೆಗೆಯುವುದಿಲ್ಲ, ಅದು ನೇರ ಮಣ್ಣಿಗೇ ಹೋಗುತ್ತದೆ.